ಒಲೆಯ ಬೂದಿ, ಅಪ್ಪನ ಕಾಲು

ತೊಗಿಯಾನ್ ದ್ವೀಪಗಳಲ್ಲಿ ಕಡಲನ್ನೇ ನಂಬಿ ಬದುಕುವ ಬಾಜೋ ಜನ ಒಲೆಯ ಬೂದಿಯನ್ನು ಕಡಲಿಗೆ ಚೆಲ್ಲುವುದಿಲ್ಲ. ಗಂಡಸರು ನೀರಿನಲ್ಲಿರುವಾಗಲಂತೂ ಸರ್ವಥಾ ಕೂಡದು, ಕಡಲಜ್ಜ ಮುನಿಯುತ್ತಾನೆ. ಮರ್ದಿಯಾ ಚಿಕ್ಕವಳಿದ್ದಾಗ ಆಟದ ಭರದಲ್ಲಿ, ಕಡಲಲ್ಲೇ ಕಂಬಗಳ ಮೇಲೆ ನಿಂತ ಮನೆಯ ಹಲಗೆ ಸಂದಿಯಿಂದ ಒಂದು ಬೊಗಸೆ ಬೂದಿ ಕೆಳಗೆ ಸುರಿದಳು. ಅದೇ ಸಂಜೆ ಅವಳ ಅಪ್ಪ ಸಹಾಲಿಯನ್ನು ದೋಣಿಯಿಂದ ಹೊತ್ತು ತಂದರು. ಸೊಂಟದ ಕೆಳಗೆ ಜೀವವಿರಲಿಲ್ಲ.

ಅಂದಿನಿಂದ ಅವಳು ಊರಿಗೆಲ್ಲ ಅಪ್ಪನ ಕಾಲು ತಿಂದವಳು. ಮದುವೆಯ ಮಾತು ಬಂದಾಗಲೆಲ್ಲ ಬೂದಿಯ ಮಾತೂ ಬರುತ್ತಿತ್ತು, ನೋಡಲು ಬಂದ ಗಂಡು ಮೆಲ್ಲಗೆ ಜಾರಿಕೊಳ್ಳುತ್ತಿದ್ದ. ಅವಳು ಸುಟ್ಟುಕೊಟ್ಟ ಮರಗೆಣಸಿನ ರೊಟ್ಟಿಯನ್ನು ಸಹಾಲಿ ತಿನ್ನುತ್ತಿದ್ದ, ಆದರೆ ಮುಖ ಗೋಡೆಯ ಕಡೆ.

ಇಂಥವಳನ್ನು ಡೈವಿಂಗ್ ಕಲಿಯಲು ಹಚ್ಚಿದವನು ಹಾಜಿ ತಮ್ರಿನ್. ಹಿಂದೆ ಅವನ ದೋಣಿಯಲ್ಲೇ ಸಹಾಲಿಯೂ ಸೇರಿ ಊರ ಗಂಡಸರು ಕಂಪ್ರೆಸರ್‌ನ ಗಾಳಿಕೊಳವೆ ಕಚ್ಚಿಕೊಂಡು ಮುಳುಗಿ ಮೀನು ಹಿಡಿಯುತ್ತಿದ್ದರು. ಮೀನು ಮುಗಿಯುತ್ತ ಬಂದಾಗ, ಉಳಿದವನ್ನು ಪ್ರವಾಸಿಗರಿಗೆ ತೋರಿಸುವ ಅಂಗಡಿ ತೆರೆದ. ಜಾಣರಿಗೆ ಕಡಲು ಎಂದೂ ಬತ್ತುವುದಿಲ್ಲ. "ಸಹಾಲಿ ಮಗಳಿಗೆ ನಾನಲ್ದೆ ಇನ್ಯಾರು ದಿಕ್ಕು?" ಎಂದು ಜೆಟ್ಟಿಯಲ್ಲಿ ನಾಲ್ಕು ಜನ ಕೇಳುವಂತೆ ಹೇಳಿದ. ಮರ್ದಿಯಾಳಿಗೆ ಆ ಹಂಗು ಭಾರವೆನಿಸಲಿಲ್ಲ. ದುಡಿದು ಸಾಕಿದರೆ ಅಪ್ಪ ಒಂದು ದಿನವಾದರೂ ತನ್ನ ಕಡೆ ತಿರುಗಿಯಾನು ಎಂಬುದೊಂದೇ ಅವಳ ಆಸೆ.

ಕಲಿತದ್ದೆಲ್ಲ ಕೊಲ್ಲಿಯ ನಿಂತ ನೀರಿನಲ್ಲಿ. ಸರ್ಟಿಫಿಕೇಟ್ ಬಂದ ಮೇಲೆ ಮೊದಲ ಸಲ ತೆರೆದ ಕಡಲಿಗಿಳಿದದ್ದು ಹವಳದ ಗೋಡೆಯ ಬಳಿ. ಅಪ್ಪ ಕೊನೆಯ ಸಲ ಮುಳುಗಿದ್ದೂ ಅಲ್ಲೇ. ಮೇಲೇರುವಾಗ ಮಕಾಸ್ಸರ್ ನಗರದಿಂದ ಬಂದಿದ್ದ ಗುರು ಇರ್ಮಾ, ದೋಣಿಯ ಹಗ್ಗ ಹಿಡಿದು ನಿಲ್ಲು ಎಂದು ಕೈಸನ್ನೆ ಮಾಡಿದಳು. ದೋಣಿಯ ತಳ ತಲೆಯ ಮೇಲೆಯೇ ಕಾಣುತ್ತಿತ್ತು. ಪರೀಕ್ಷೆಗೆಂದು ಗಿಳಿಪಾಠ ಮಾಡಿದ್ದ ಉತ್ತರ ನೆನಪಾಯಿತು, ಅರ್ಥ ಹೊಳೆಯಲಿಲ್ಲ. ದೋಣಿ ಹತ್ತಿದ ಮೇಲೆ ಕೇಳಿದಳು.

"ಅಷ್ಟು ಹೊತ್ತು ಸುಮ್ನೆ ನೇತಾಡ್ಕೊಂಡಿದ್ದು ಯಾಕಕ್ಕಾ?"

"ಓದಿದ್ದೆಲ್ಲ ಕಡ್ಲಿಗೆ ಹಾಕ್ಬಿಟ್ಯಾ? ರಕ್ತದಲ್ಲಿ ಸೇರಿರೋ ಗಾಳಿ ಮೆಲ್ಲಗೆ ಹೊರಗೆ ಹೋಗ್ಬೇಕು ಕಣೆ. ಒಂದೇ ಸಮ ಮೇಲೆ ಬಂದ್ರೆ ಸೋಡಾ ಬಾಟ್ಲಿ ತೆಗ್ದ ಹಾಗೆ ಗುಳ್ಳೆ ಏಳುತ್ತೆ. ಕಾಲೇ ಬಿದ್ದುಹೋಗುತ್ತೆ."

"ಕಾಲು?"

"ಹೂಂ. ನಿಮ್ಮೂರಲ್ಲೇ ಇದಾರಲ್ಲ, ಕೊಳವೆ ಕಚ್ಕೊಂಡು ದಿನವಿಡೀ ಮುಳುಗ್ತಿದ್ದೋರು."

ಇದ್ದರು, ಸಹಾಲಿಯನ್ನು ಬಿಟ್ಟು ಇನ್ನೂ ಇಬ್ಬರು. ಒಬ್ಬನ ಹೆಂಡತಿ ಕಡಲಿಗೆ ಮೆಣಸಿನ ನೀರು ಚೆಲ್ಲಿದ್ದಳಂತೆ, ಇನ್ನೊಬ್ಬನ ಸೊಸೆ ಕಿತ್ತಳೆ ಸಿಪ್ಪೆ ಎಸೆದಿದ್ದಳಂತೆ. ಕಡಲಜ್ಜನ ಸಿಟ್ಟಿಗೆ ಮನೆಗೊಬ್ಬ ಹೆಂಗಸು ಸಿಕ್ಕಿದ್ದಳು.

ಎರಡನೆಯ ಸಲ ಮುಳುಗಿ ಬರುವಾಗ, ಅದೇ ಹಗ್ಗ ಹಿಡಿದು ಮರ್ದಿಯಾ ನೀರೊಳಗೇ ಅತ್ತಳು. ಇಷ್ಟೇ ಇಷ್ಟು ಹೊತ್ತು ನಿಲ್ಲು ಎಂದು ಯಾರಾದರೂ ಹೇಳಿದ್ದರೆ ಅಪ್ಪ ಇಂದಿಗೂ ನಡೆಯುತ್ತಿದ್ದ.

ಜೆಟ್ಟಿಯಲ್ಲಿ ಹಾಜಿ ಕಾಫಿ ಕುಡಿಯುತ್ತ ಕೂತಿದ್ದ.

"ಹಾಜಿಯವ್ರೇ, ನಿಧಾನಕ್ಕೆ ಮೇಲೆ ಬರ್ಬೇಕು ಅಂತ ನಿಮಗೆ ಯಾವಾಗ ಗೊತ್ತಾಯ್ತು?"

"ಮೊದ್ಲಿಂದ್ಲೂ ಗೊತ್ತಿತ್ತಮ್ಮ. ಕಂಪ್ರೆಸರ್ ಮಾರಿದೋನೇ ಹೇಳಿದ್ದ. ಎಲ್ರೂ ಹಗ್ಗ ಹಿಡ್ಕೊಂಡು ನಿಂತಿದ್ರೆ ಮೀನು ಹಿಡಿಯೋರ್ಯಾರು ಹೇಳು? ಹಳೇದೆಲ್ಲ ಕೆದಕ್ಬೇಡ. ನಾಳೆ ಜರ್ಮನಿಯೋರು ಬರ್ತಾರೆ, ಬೇಗ ಬಾ."

ಅವನ ದನಿಯಲ್ಲಿ ನಾಚಿಕೆಯ ಸುಳಿವೂ ಇರಲಿಲ್ಲ. ಬಯ್ಯಬೇಕೆಂದು ಬಾಯಿ ತೆರೆದ ಮರ್ದಿಯಾ "ಸರಿ" ಎಂದಳು. ಹಾಗೆ ಅಂದದ್ದಕ್ಕೆ ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡಳು.

ಮನೆಗೆ ಬಂದವಳೇ ಅಪ್ಪನಿಗೆ ಎಲ್ಲ ಹೇಳಿದಳು. ಸಹಾಲಿ ಕೈಯೂರಿ ಮೆಲ್ಲಗೆ ಅವಳ ಕಡೆ ಹೊರಳಿದ. ಇಷ್ಟು ವರ್ಷಗಳಲ್ಲಿ ಮೊದಲ ಸಲ ಅಪ್ಪನ ಕಣ್ಣು ತನ್ನ ಮೇಲೆ ಬಿದ್ದಾಗ ಅವಳ ಎದೆ ತುಂಬಿಬಂತು.

"ಇದನ್ಯಾಕೆ ಹೇಳ್ದೆ?" ಎಂದ ಅವನು.

"ನಂದೇನೂ ತಪ್ಪಿರ್ಲಿಲ್ಲ ಅಪ್ಪಾ."

"ಮಗಳ ಮೇಲಿನ ಸಿಟ್ಟಾದ್ರೆ ಮುಖ ತಿರುಗಿಸ್ಕೊಂಡು ಮಲಗ್ಬಹುದಿತ್ತು. ಹಾಜಿ ಮೇಲೆ ಸಿಟ್ಟಾಗಿ ನಾಳೆಯಿಂದ ಏನು ತಿನ್ನೋಣ?"

ಸಹಾಲಿ ಅವಳ ಮೇಲಿಂದ ಕಣ್ಣು ತೆಗೆಯಲಿಲ್ಲ.

"ಊರಲ್ಲಿ ಯಾರ ಹತ್ರಾನೂ ಈ ಮಾತು ಆಡ್ಬೇಡ," ಎಂದ. "ತಪ್ಪು ಬೂದಿದೇ ಇರ್ಲಿ. ನಿಂಗೆ ಹೇಗೂ ಅಭ್ಯಾಸ ಆಗಿದೆಯಲ್ಲ."