ಮನಿ ಮುಂದಿನ ಮೈಲಿಗಲ್ಲು

ಇಳಕಲ್ಲಿನಾಗ, ಹುನಗುಂದ ರಸ್ತೆಗೆ ಹೊಂದಿ ನಮ್ಮ ಮನಿ. ಮನಿ ಮುಂದ ಬ್ರಿಟಿಷರ ಕಾಲದ ಒಂದು ಮೈಲಿಗಲ್ಲು ಐತಿ. ನಮ್ಮ ಆಯಿ, ಅಂದ್ರ ಅಪ್ಪನ ತಾಯಿ, ದಿನಾ ಮುಂಜಾನೆ ಅದಕ್ಕ ನೀರು ಹಾಕಿ, ವಿಭೂತಿ ಹಚ್ಚಿ, ಕುಂಕುಮ ಇಟ್ಟು ಕೈ ಮುಗೀತಿದ್ದಳು. ಸಾಲ್ಯಾಗ ಇತಿಹಾಸ ಕಲಿಸೂ ನನಗ ನಾಚಿಕಿ. "ಆಯಿ, ಇದು ದೇವ್ರಲ್ಲ, ದೂರ ತಿಳೀಲಿ ಅಂತ ಸಾಹೇಬ್ರು ನೆಡಿಸಿದ ಕಲ್ಲು" ಅಂತ ಎಷ್ಟೋ ಸಲ ಒದರಿದೆ. ಆಕಿ ಕಿವಿಗೇ ಹಾಕ್ಕೊಳ್ಳಲಿಲ್ಲ.

ರಸ್ತೆ ಅಗಲ ಮಾಡೂ ಮುಂದ, ಹಳೇ ಮೈಲಿಗಲ್ಲು ಉಳಿಸ್ರಿ ಅಂತ ನಾ ಅರ್ಜಿ ಮ್ಯಾಲೆ ಅರ್ಜಿ ಬರದೆ. ಯಾರೂ ಓದಲಿಲ್ಲ. ಒಂದೊಂದೇ ಕಿತ್ತು ಮಣ್ಣಿನ ಜೋಡಿ ಗುಂಡಿಗೆ ಹಾಕಿದರು. ನಮ್ಮ ಮನಿ ಮುಂದ ಬಂದಾಗ ಮಾತ್ರ ಜೆಸಿಬಿ ಡ್ರೈವರ್ ಕುಂಕುಮ ನೋಡಿ ಕೆಳಗಿಳಿದ, ಚಪ್ಪಲಿ ಬಿಟ್ಟು ಕೈ ಮುಗಿದ. ಕಲ್ಲು ಅಲ್ಲೇ ಬಿಟ್ಟು, ರಸ್ತೆ ಬಾಜೂಕಿನ ಗಟಾರವನ್ನೇ ಆಚೆ ಸರಿಸಿ ತೋಡಿದರು.

ಅವತ್ತ ಸಂಜಿಗೆ ಕೇಳಿದೆ: "ನೀನೇ ಗೆದ್ದಿ, ಆಯಿ. ಆದ್ರ ಅದು ದೇವ್ರಲ್ಲ ಅಂತ ಖರೇನ ಗೊತ್ತಿರಲಿಲ್ಲೇನು?"

"ಗೊತ್ತೈತಿ ಬಿಡೋ, ಮಾಸ್ತರಾ. ನಮ್ಮ ಹಿರೇರು ಮಗ್ಗ ಹೊತ್ತು ಈ ಊರಿಗೆ ಬರೂ ಮುಂದ ಇದಕ್ಕ ಬೆನ್ನ ಹಚ್ಚಿ ಕುಂತಿದ್ರಂತ. ದಣಿದು ಬಂದವರಿಗೆ ಊರು ಇನ್ನ ಸ್ವಲ್ಪೇ ದೂರ ಐತಿ ಅಂತ ಹೇಳ್ತಲ್ಲ, ಅದಕ್ಕಿಂತ ಹೆಚ್ಚಿಂದು ದೇವ್ರಾದ್ರೂ ಏನ ಮಾಡ್ಯಾನು?"