ಅವ್ವನ ತಂಬಿಗೆಯ ನೀರು

ಬ್ಲೀಚಿಂಗ್ ಪೌಡರಿನ ವಾಸನೆ ಬಂದರೆ ನನಗೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ. ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆ, ಮಾನ್ವಿಯಲ್ಲಿ ಕಾಲರಾ ಹಬ್ಬಿತ್ತು. ನಮ್ಮ ಮನೆಯಲ್ಲಿ ಅವ್ವನಿಗೆ ನಾಲಿಗೆಯ ಕ್ಯಾನ್ಸರ್. ರಾಯಚೂರಿನ ಡಾಕ್ಟರು, “ಇನ್ನ ಔಷಧದಿಂದ ಆಗೂದೇನಿಲ್ಲವ್ವಾ. ಬಾಯಿ ಒಣಗಾಕ ಬಿಡಬ್ಯಾಡ. ಕುದಿಸಿ ಆರಿಸಿದ ನೀರು ಚಮಚದಾಗ ಹನಿಸು” ಎಂದು ಹೇಳಿ ಮನೆಗೆ ಕಳಿಸಿದ್ದರು. ನನಗೆ ಉಳಿದಿದ್ದು ಅದೊಂದೇ ಕೆಲಸ. ದೇವದುರ್ಗದಲ್ಲಿದ್ದ ಅಕ್ಕನನ್ನು, ಕಾಲರಾ ಊರಿಗೆ ಹೋಗಬೇಡ ಎಂದು ಅವಳ ಅತ್ತೆ ತಡೆದು ಕೂರಿಸಿದ್ದಳು.

ದಿನಾ ಬೆಳಿಗ್ಗೆ ಪುರಸಭೆಯ ಒಬ್ಬ ಆಳು ಬ್ಲೀಚಿಂಗ್ ಪೌಡರಿನ ಬುಟ್ಟಿ ಹಿಡಿದು ಬಂದು ಮನೆಮನೆಯ ಕೊಡಕ್ಕೂ ಪುಡಿ ಹಾಕುತ್ತಿದ್ದ. ಅಳತೆಯಿಲ್ಲ, ಗಿಳತೆಯಿಲ್ಲ, ಕೈಗೆ ಬಂದಷ್ಟು. ಒಂದು ದಿನ ಅವ್ವನ ತಂಬಿಗೆಯ ಮುಚ್ಚಳವನ್ನೂ ತೆಗೆದ.

“ಅದು ಕುದಿಸಿದ ನೀರು ರೀ. ನಮ್ಮವ್ವನ ಬಾಯಾಗ ಹುಣ್ಣದ, ಉರೀತದ. ಅದಕ್ಕೊಂದು ಹಾಕಬ್ಯಾಡ್ರಿ.”

“ಒಂದ್ ಮನಿ ಬಿಟ್ರ ಎಲ್ಲಾರೂ ಬಿಡಂತಾರವ್ವಾ. ಸಾಹೇಬ್ರ ಹುಕುಂ ಅದ” ಎನ್ನುತ್ತಲೇ ಸುರಿದುಬಿಟ್ಟ.

ನನ್ನ ಕೂಗಾಟಕ್ಕೆ ಓಣಿಯೇ ಬಾಗಿಲಿಗೆ ಬಂತು. “ಒಂದ್ ಮುದಿ ಜೀವಕ್ಕಂತ ಓಣಿ ಮಂದಿನೆಲ್ಲ ಸಾಯಸ್ತೀಯೇನು?” ಎಂದಳು ಪಕ್ಕದ ಮನೆಯವಳು. ಅವಳ ಎರಡು ಬಾಣಂತನ ಮಾಡಿದ್ದು ಇದೇ ಮುದಿ ಜೀವ! ನಾನು ತಂಬಿಗೆಯನ್ನು ಅವನ ಮುಂದೆ ಹಿಡಿದು, “ಹಂಗಾರ ನೀ ಕುಡಿ” ಎಂದೆ. ಅವನು ನಾಲ್ಕು ಗುಟುಕು ಕುಡಿದು ಮೀಸೆ ಒರೆಸಿಕೊಂಡ. “ನೋಡ್ರಿ, ನನಗೇನಾತು?”

ಎಲ್ಲರೂ ನಕ್ಕರು. ಹುಣ್ಣಿಲ್ಲದ ಬಾಯಿಗೆ ಏನಾದೀತು, ಅವನ ತಲೆ!

ಒಳಗೆ ಚಾಪೆಯ ಮೇಲಿದ್ದ ಅವ್ವ ನೆಲ ತಟ್ಟಿ, ಬಾಯಿ ತೋರಿಸಿ ನೀರು ಕೇಳಿದಳು. ಪಾಪ, ಹೊರಗೆ ನಡೆದದ್ದು ಅವಳಿಗೇನು ಗೊತ್ತು. ನಾನು ಆ ನೀರನ್ನು ಚೆಲ್ಲಬೇಕಿತ್ತು. ಚೆಲ್ಲಲಿಲ್ಲ. ಅವರ ನಗು ನೆತ್ತಿಗೇರಿತ್ತು. “ಬರ್ರಿ, ನೋಡಬರ್ರಿ” ಎಂದು ಎಲ್ಲರನ್ನೂ ಒಳಗೆ ಕರೆದು, ಅದೇ ನೀರನ್ನು ಒಂದು ಚಮಚ ಅವಳ ಬಾಯಿಗೆ ಹಾಕಿದೆ.

ಅವ್ವ ಚಾಪೆ ಕಿತ್ತು ಹೊರಳಾಡಿದಳು. ಪಕ್ಕದ ಮನೆಯವಳು ಸೆರಗು ಬಾಯಿಗೊತ್ತಿಕೊಂಡಳು. ಆಳು ಬುಟ್ಟಿ ಎತ್ತಿಕೊಂಡು ಹೋದ. ಮರುದಿನ ನಮ್ಮ ಮನೆಯ ಬಾಗಿಲಿಗೆ ಅವನು ಬರಲಿಲ್ಲ. ನಾನೇ ಗೆದ್ದಿದ್ದೆ.

ನೀರು ಕುದಿಸಿ, ಆರಿಸಿ, ಮೊದಲು ನಾನು ಕುಡಿದು ನೋಡಿ, ಚಮಚವನ್ನು ಅವಳ ಬಾಯಿಯ ಹತ್ತಿರ ಒಯ್ದೆ. ಅವ್ವ ನನ್ನ ಮುಖ ನೋಡಿ ತುಟಿ ಬಿಗಿಹಿಡಿದಳು.