ಸೀಸ ಬೆರೆಸದ ಕೈ

ಮೂಗಯ್ಯನಿಗೆ ಆ ಹುಡುಗಿಯನ್ನು ಕಂಡರೆ ಮೊದಲ ದಿನದಿಂದಲೂ ಆಗುತ್ತಿರಲಿಲ್ಲ. ಬಿ.ಎಸ್ಸಿ. ಮುಗಿಸಿ, ಹರದನಹಳ್ಳಿಯಿಂದ ಬಸ್ಸಿನಲ್ಲಿ ಬಂದು, ಚಾಮರಾಜನಗರದ ಹೊರಗಿನ ಆ ಸಣ್ಣ ಕಾರ್ಖಾನೆಯಲ್ಲಿ ತಪಾಸಣೆಗೆ ಸೇರಿದ ಸುಧಾಮಣಿ, ಅವನು ಬೆಸುಗೆ ಲೋಹದಲ್ಲಿ ಅದ್ದಿದ ನೂರು ಐಸಿ ಚಿಪ್‌ಗಳಲ್ಲಿ ಹನ್ನೊಂದನ್ನು ಮೊದಲ ದಿನವೇ ಹಿಂದಕ್ಕೆ ತಳ್ಳಿದ್ದಳು.

"ಅನ್ನೊಂದಾ? ಎಣ್ಸಕ್ಕೆ ಬತ್ತದಾ ಕಣಮ್ಮಿ ನಿಂಗೆ?" ಎಂದಿದ್ದ.

"ಎಣ್ಸೇ ಬರ್ದಿದ್ದೀನಿ. ಪಟ್ಟಿ ಓದ್ಕೊಳ್ಳಿ."

ಪಕ್ಕದ ಮೇಜಿನವರು ಕಿಸಕ್ಕೆಂದರು. ಮೂಗಯ್ಯನಿಗೆ ಹೆಸರು ಬರೆಯುವುದಷ್ಟೇ ಬರುತ್ತದೆ, ಓದಲು ಬಾರದು ಎಂಬುದು ಅವಳಿಗೆ ಗೊತ್ತಿರಲಿಲ್ಲ. ಅವನು ಅದನ್ನು ಮರೆಯಲಿಲ್ಲ.

ಉಡಿಗಾಲದ ಮೂಗಯ್ಯ ಮೂವತ್ತು ವರ್ಷ ಗುಂಡ್ಲುಪೇಟೆಯ ಬೀದಿಗಳಲ್ಲಿ ತಿದಿ ಒತ್ತಿ ಹಿತ್ತಾಳೆ ಪಾತ್ರೆಗಳಿಗೆ ತವರದ ಕಲಾಯಿ ಹಾಕಿದವನು. ಬಂಡೀಪುರದ ಕಾಡು ದಾಟಿ ಬರುತ್ತಿದ್ದ ಕೇರಳದ ಮದುವೆ ಅಡುಗೆಯವರು ಇಬ್ಬರು ಹೊರುವ ಉರುಳಿಗಳನ್ನು ಅವನ ಮುಂದೆಯೇ ಇಳಿಸುತ್ತಿದ್ದರು. ಸ್ಟೀಲು ಬಂದು ಆ ಕೆಲಸ ನಿಂತಿತು. ಕರಗಿದ ಲೋಹಕ್ಕೆ ಹೆದರದ ಕೈ ಬೇಕಿದ್ದುದರಿಂದ ಕಾರ್ಖಾನೆ ಅವನನ್ನು ಕರೆಯಿತು. ಕೆಲಸ ಇಷ್ಟೇ: ಬಿಲ್ಲೆಯಂಥ ಐಸಿಯನ್ನು ಚಿಮಟದಲ್ಲಿ ಹಿಡಿದು, ಅದರ ಕಾಲುಗಳನ್ನು ಕರಗಿದ ಬೆಸುಗೆ ಲೋಹದಲ್ಲಿ ಮೂರು ಸೆಕೆಂಡು ಅದ್ದಿ, ಹನಿ ನಿಲ್ಲದಂತೆ ಎತ್ತಬೇಕು. ಕೈ ಕಲಿತದ್ದನ್ನು ಇನ್ನೂ ಮಾಡಬಹುದಾದ ಕಡೆಯ ಜಾಗ, ಲೋಹ ಕರಗಿಸುವ ಆ ಕುಲುಮೆಪೆಟ್ಟಿಗೆಯ ಮುಂದಿನ ಸ್ಟೂಲು.

"ಮಿಲಿಟರಿ ವಿಮಾನಕ್ಕೆ ಓಗೋ ಸಾಮಾನು. ಅದ್ದೋದು ನಿನ್ನ ಕೆಲ್ಸ, ಕೇಳೋದಲ್ಲ" ಎಂದಿದ್ದ ಸೂಪರ್‌ವೈಸರ್ ಕುಮಾರಸ್ವಾಮಿ.

ಕೇಳದೆಯೇ ಅವನಿಗೊಂದು ಗೊತ್ತಾಗಿತ್ತು. ಕಾರ್ಖಾನೆಯ ಬೆಸುಗೆ ಕಡ್ಡಿಯನ್ನು ಕೈಯಲ್ಲಿ ತೂಗಿದಾಗಲೇ ಸೀಸ ಬೆರೆತಿದೆ ಎಂದು ತಿಳಿಯಿತು. ಕಲಾಯಿಯವರಲ್ಲಿ ಅದಕ್ಕಿಂತ ದೊಡ್ಡ ಮೋಸವಿಲ್ಲ. ತವರ ದುಬಾರಿ, ಸೀಸ ಅಗ್ಗ. ಬೆರೆಸಿದರೆ ಊಟಕ್ಕೆ ವಿಷ. "ಸೀಸ ಬೆರ್ಸಿದ ಕೈ, ವಿಷ ಇಕ್ಕಿದ ಕೈ" ಎನ್ನುತ್ತಿದ್ದ ಅವನ ಅಪ್ಪ. ಸರ್ಕಾರಕ್ಕೇ ಕಲಬೆರಕೆ ಮಾಲು ಕೊಡುತ್ತಿದ್ದಾರಲ್ಲ ಎಂದು ಮೂಗಯ್ಯ ಎರಡು ವರ್ಷ ಹಲ್ಲು ಕಚ್ಚಿ ಅದ್ದಿದ.

೨೦೦೮ರ ಆಯುಧಪೂಜೆಯ ದಿನ ಇನ್ನು ತಡೆಯಲಾಗಲಿಲ್ಲ. ವರ್ಷಕ್ಕೊಮ್ಮೆ ಕುಲುಮೆಪೆಟ್ಟಿಗೆ ಬರಿದು ಮಾಡಿ ತೊಳೆಯುವುದು ಅವನದೇ ಕೆಲಸ. ಹಳೆಯದನ್ನು ತೆಗೆದು, ಅಪ್ಪನ ಕಾಲದಿಂದ ಮನೆಯ ಅಟ್ಟದಲ್ಲಿದ್ದ ಅಪ್ಪಟ ತವರದ ಪಟ್ಟಿಗಳನ್ನು ತಂದು ತುಂಬಿಸಿದ. ಯಾರಿಗೂ ಹೇಳಲಿಲ್ಲ. ಪೆಟ್ಟಿಗೆಯ ಹೊರಮೈಗೆ ವಿಭೂತಿ ಬಳಿದು ಕೈಮುಗಿದ. ಮುಂದಿನ ಐದು ದಿನ ಅವನು ಅದ್ದಿದ ಕಾಲುಗಳು ಬೆಳ್ಳಿಯಂತೆ ಹೊಳೆದವು. ಸುಧಾಮಣಿ ಒಂದನ್ನೂ ಹಿಂದಕ್ಕೆ ತಳ್ಳಲಿಲ್ಲ.

ಆರನೆಯ ದಿನ ಅವಳ ಬಸ್ಸು ಬೇಗ ಬಂತು. ಪೆಟ್ಟಿಗೆ ಇನ್ನೂ ಬಿಸಿಯೇರುತ್ತಿತ್ತು. ಮಾಪಕ ಇನ್ನೂರ ಹತ್ತು ಡಿಗ್ರಿ ತೋರಿಸುತ್ತಿದ್ದರೂ ಮೂಗಯ್ಯನ ಸೌಟು ಇನ್ನೂ ಕರಗದ ಲೋಹದ ಮೇಲೆ ಟಣ್ ಎಂದಿತು. ಸೀಸ ಬೆರೆತದ್ದು ನೂರ ಎಂಬತ್ಮೂರಕ್ಕೇ ನೀರಾಗಬೇಕಿತ್ತು. ಅವಳು ಉಗ್ರಾಣಕ್ಕೆ ಹೋಗಿ ಹೊಸ ಕಡ್ಡಿಗಳನ್ನು ಎಣಿಸಿ ಬಂದಳು. ಪೆಟ್ಟಿಗೆ ತುಂಬಿಸಲು ಒಂದನ್ನೂ ತೆಗೆದಿರಲಿಲ್ಲ.

"ಏನ್ ಹಾಕಿದ್ರಿ ಇದ್ರೊಳಗೆ?"

"ಒಳ್ಳೇದು ಆಕಿವ್ನಿ. ನಿಮ್ಮಂಗೆ ಕಲಬೆರಕೆ ಮಾಡ್ನಿಲ್ಲ."

"ಹಾಳು ಮಾಡಿದ್ದೀರಿ! ಸಾವಿರದ ನೂರಾ ನಲವತ್ತು ಐಸಿ!"

"ನಿನ್ನ ಪುಸ್ತಕದ ಬದನೆಕಾಯ್ನ ನನ್ನತ್ರ ಉರೀಬ್ಯಾಡ ಕಣಮ್ಮಿ."

ಅವಳು ಡ್ರಾಯರಿನಿಂದ ಹಳೆಯ ಐಸಿಯೊಂದನ್ನು ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟು, "ನೋಡಿ" ಎಂದಳು. ಹೊರದೇಶದ ಕಂಪನಿ ಅಪ್ಪಟ ತವರ ಬಳಿದಿದ್ದ ಕಾಲುಗಳು. ಒಂದು ಕಾಲಿನಿಂದ ಕೂದಲಿಗಿಂತ ಸಣ್ಣ ಬಿಳಿ ಎಳೆ ಹೊರಟು ಪಕ್ಕದ ಕಾಲನ್ನು ಮುಟ್ಟಿತ್ತು.

"ತವರ ಒಂದೇ ಇದ್ರೆ ಹಿಂಗೆ ಎಳೆ ಬೆಳೀತದೆ, ಯಾರೂ ಮುಟ್ದೆ ಇದ್ರೂವೆ. ವರ್ಷ ಆದ್ಮೇಲೆ, ವಿಮಾನ ಮೇಲಿರುವಾಗ ಶಾರ್ಟ್ ಆಗ್ತದೆ. ಸೀಸ ಇದ್ರೆ ಬೆಳೆಯಲ್ಲ. ಅದಕ್ಕೇ ನಾವು ಮತ್ತೆ ಅದ್ದೋದು."

"ಇದ್ನ ಎಲ್ಡು ವರ್ಷದಿಂದ ಯಾಕ್ ಯೋಳ್ನಿಲ್ಲ?"

ಅವಳು ಐಸಿಯನ್ನು ಡ್ರಾಯರಿಗೆ ಹಾಕಿ, ಸೂಪರ್‌ವೈಸರಿಗೆ ವಿಷಯ ಹೇಳಿ ಕಳಿಸಿದಳು.

ಕುಮಾರಸ್ವಾಮಿ ಬಂದು ಬಾಗಿಲು ಹಾಕಿದ. "ನಾಳೆ ಗಾಡಿ ಬತ್ತದೆ, ಮಾಲು ಓಗ್ಲಿ. ಫಳಫಳ ಅಂತದೆ, ಯಾರಿಗ್ ತಿಳ್ದಾತು? ಸುಧಾಮಣಿ, ನಿನ್ನ ಮಾಪಕ ಕೆಟ್ಟಿರ್ಬೇಕು. ಮೂಗಯ್ಯ, ನೀನು ನಮ್ಮ ಕಡ್ಡೀನೇ ಆಕಿದ್ದು ಅನ್ನು. ನಿನ್ನ ಸ್ಟೂಲು ನಿಂಗೇ ಇರ್ತದೆ. ಇಲ್ಲ ಅಂದ್ರೆ ನಾಳೆಯಿಂದ ಪ್ಯಾಕಿಂಗಿಗೆ ಓಗು."

ಏನು ಹಾಕಿದೆ ಎಂದು ಮೂಗಯ್ಯ ಬರೆಸಿ ಹೆಸರು ಹಾಕದಿದ್ದರೆ, ಸುಧಾಮಣಿಯದು ಬರೀ ಅನುಮಾನ. ಅವಳು ಅವನತ್ತ ನೋಡಲೂ ಇಲ್ಲ. ಅವನ ಹಗೆ ಅವಳಿಗೆ ಗೊತ್ತಿತ್ತು.

ಮೂಗಯ್ಯ ಪೆಟ್ಟಿಗೆಯ ಮೇಲಿನ ವಿಭೂತಿ ನೋಡುತ್ತ ನಿಂತ. ಹೊಳಪು ತೋರಿಸಿ ವಿಷ ಇಕ್ಕುವವರನ್ನು ಅಪ್ಪ ಬೀದಿಯಲ್ಲೇ ಉಗಿಯುತ್ತಿದ್ದ.

"ಬರಿಯಮ್ಮಿ" ಎಂದ. "ತವರ ಆಕಿದ್ದು ನಾನು. ಇನ್ನೊಂದಕ್ಷರ ಸೇರಿಸ್ದೇ ಅಂದ್ರೆ ನೋಡು ಮತ್ತೆ."

ಅವಳು ಬರೆದು ಓದಿ ಹೇಳಿದಳು. ಅವನು ಎರಡು ಸಲ ಓದಿಸಿಕೊಂಡು, ಒತ್ತಿ ಒತ್ತಿ ಹೆಸರು ಬರೆದ.

"ಸಾಯಿ ಅತ್ಲಾಗಿ" ಎಂದು ಕುಮಾರಸ್ವಾಮಿ ಗಾಡಿ ಬರುವ ದಿನವನ್ನು ಮುಂದಕ್ಕೆ ಹಾಕಿದ. ಆ ಐಸಿಗಳನ್ನೆಲ್ಲ ಸೀಸ ಬೆರೆತ ಲೋಹದಲ್ಲಿ ಮತ್ತೆ ಅದ್ದಬೇಕಾಯಿತು. ಅವು ಇನ್ನೊಂದೇ ಸಲ ಶಾಖ ತಡೆಯುವಂಥವು, ಬೇರೆ ಕೈಗೆ ಕೊಡುವಂತಿರಲಿಲ್ಲ. ಅದು ಮುಗಿಯುವವರೆಗೆ ಸ್ಟೂಲು ಮೂಗಯ್ಯನದು. ಮೂರು ಹಗಲು ಅವನು ಅದ್ದಿದ, ಅವಳು ಪಕ್ಕದಲ್ಲಿ ನಿಂತು ಸೆಕೆಂಡು ಎಣಿಸಿದಳು. ಊಟದ ಡಬ್ಬಿಯನ್ನೂ ಬೆನ್ನು ತಿರುಗಿಸಿಯೇ ತೆರೆದರು.

ಕೊನೆಗೆ ಅವಳು ಪಟ್ಟಿಯಲ್ಲಿ ಒಂಬತ್ತು ತಿರಸ್ಕೃತ ಎಂದು ಬರೆದಳು.

"ಎಷ್ಟು?"

"ಒಂಬತ್ತು."

ಮೂಗಯ್ಯ ಒಪ್ಪಿತವಾದವುಗಳ ತಟ್ಟೆಯ ಮೂಲೆಯಿಂದ ಒಂದು ಐಸಿ ಎತ್ತಿ ಸೂಕ್ಷ್ಮದರ್ಶಕದ ಕೆಳಗೆ ತಾನೇ ಇಟ್ಟ. "ಇದ್ರಲ್ಲಿ ಕೈ ಅಲ್ಲಾಡ್ತು."

ಅವಳು ಬಗ್ಗಿ ನೋಡಿದಳು. ನಾಲ್ಕನೆಯ ಕಾಲಿನ ಬುಡದಲ್ಲಿ ಸೂಜಿಮೊನೆಯಷ್ಟು ಜಾಗ ಹೊಸ ಲೋಹ ಹಿಡಿಯದೆ ಉಳಿದಿತ್ತು. ಒಂಬತ್ತನ್ನು ಹೊಡೆದು ಹತ್ತು ಎಂದು ಬರೆದಳು.

"ಎಣ್ಸಕ್ಕೆ ಬತ್ತದಾ ಕಣಮ್ಮಿ ನಿಂಗೆ?" ಎಂದು ಮೂಗಯ್ಯ ಚಿಮಟ ಒರೆಸಿಟ್ಟು, ಪ್ಯಾಕಿಂಗ್ ಮೇಜಿನ ಕಡೆ ನಡೆದ.